ನಡುಗುವ ಕೈಗಳಿಗೆ ಜಮಾಅತ್‌ನ ಆಸರೆ ಎಲ್ಲಿ?

1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿಸಲು ಬಂದು ನಿಂತ ಮುಹಮ್ಮದ್ ಅಲಿಯವರ ಕೈ ನಡುಗುತ್ತಿತ್ತು. 1984ರಲ್ಲೇ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಪತ್ತೆಯಾಗಿತ್ತು. ಒಂದು ಕಾಲದಲ್ಲಿ ಜಗತ್ತನ್ನೇ ಗೆದ್ದಿದ್ದ ಆ ಕೈಯನ್ನು ಅವರು ಜಗತ್ತಿನಿಂದ ಬಚ್ಚಿಡಲಿಲ್ಲ.

ಆದರೆ ನಮ್ಮ ಮನೆಗಳಲ್ಲಿ? ನೆಂಟರು ಬಂದರೆ ಕೈ ನಡುಗುವ ತಂದೆ ಒಳಕೋಣೆ ಸೇರುತ್ತಾರೆ. ಚಹಾ ಚೆಲ್ಲೀತೆಂಬ ಅಂಜಿಕೆಯಿಂದ ತಾಯಿ ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸುತ್ತಾರೆ. ಪ್ರತೀ ಜುಮಾಕ್ಕೆ ಮೊದಲ ಸಾಲಿನಲ್ಲಿರುತ್ತಿದ್ದವರು ಕಾಣೆಯಾದರೂ ಯಾರೂ ವಿಚಾರಿಸುವುದಿಲ್ಲ. ಜಮಾಅತ್ ಅವರ ಮನೆಗೆ ಬರುವುದು ಜನಾಝದ ದಿನ!

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ಕಾಯಿಲೆಯಲ್ಲಿ, ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಕೋಶಗಳು ನಾಶವಾಗುತ್ತಾ ಹೋಗುತ್ತವೆ. ಇದು ಅಂಟುರೋಗವಲ್ಲ. ನಡುಕವೊಂದೇ ಇದರ ಲಕ್ಷಣವೂ ಅಲ್ಲ. ನಡಿಗೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಅಕ್ಷರ ಸಣ್ಣದಾಗುತ್ತದೆ, ದನಿ ಕುಗ್ಗುತ್ತದೆ, ಮುಖದಲ್ಲಿ ಭಾವನೆ ಮೂಡುವುದಿಲ್ಲ, ಖಿನ್ನತೆ ಕಾಡುತ್ತದೆ. ಇದನ್ನರಿಯದ ಮನೆಮಂದಿ ನಿಧಾನವನ್ನು ಸೋಮಾರಿತನವೆಂದೂ ಮೌನವನ್ನು ಸಿಟ್ಟೆಂದೂ ಭಾವಿಸುತ್ತಾರೆ. ಇನ್ನು ಕೆಲವರು ಜಿನ್ನ್‌ ಬಾಧೆಯೆಂದು ತಾಯಿತ ಕಟ್ಟಿಸಲು ಹಣ ಸುರಿಯುತ್ತಾರೆ. ಅಜ್ಞಾನವು ರೋಗಕ್ಕಿಂತ ಹೆಚ್ಚು ನೋಯಿಸುತ್ತದೆ.

ಕಾಯಿಲೆ ಸಂಪೂರ್ಣ ಗುಣವಾಗದು, ನಿಜ. ಆದರೆ ಲೆವೊಡೋಪ ಮುಂತಾದ ಔಷಧಗಳು ಮತ್ತು ನಿಯಮಿತ ವ್ಯಾಯಾಮವು ರೋಗಿಯ ಬದುಕನ್ನು ಬಹಳಷ್ಟು ಹಗುರಗೊಳಿಸುತ್ತವೆ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಸೇವಿಸಬೇಕು. ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ರಮಝಾನ್‌ನಲ್ಲಿ ನಾವು ಎಡವುವುದು ಇಲ್ಲಿಯೇ. ರೋಗಿಗಳಿಗೆ ಉಪವಾಸದಿಂದ ರಿಯಾಯಿತಿಯನ್ನು ಕುರ್‌ಆನ್ ಸ್ಪಷ್ಟವಾಗಿ ನೀಡಿದೆ. ಹೀಗಿರುವಾಗ ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟು ಉಪವಾಸ ಹಿಡಿಯುವ ಹಿರಿಯರನ್ನು ತಡೆಯುವುದು ಯಾರ ಹೊಣೆ? ಈ ಮಾತನ್ನು ಖತೀಬರು ಮಿಂಬರ್‌ನಿಂದ ಹೇಳಿದರೆ ಅದಕ್ಕಿರುವ ತೂಕ ಮಗನ ಮಾತಿಗಿರುವುದಿಲ್ಲ.

ಸರಕಾರವೂ ಈ ಕಾಯಿಲೆಯನ್ನು ಗುರುತಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಸೇರಿದೆ. ಮುಂಬೈಯಲ್ಲಿ 2001ರಲ್ಲಿ ಸ್ಥಾಪನೆಯಾದ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯು ದೇಶದ ಹಲವೆಡೆ ರೋಗಿಗಳನ್ನೂ ಕುಟುಂಬಗಳನ್ನೂ ಒಟ್ಟುಗೂಡಿಸಿ, ವ್ಯಾಯಾಮ ಮತ್ತು ಮಾಹಿತಿ ನೀಡುತ್ತಿದೆ. ನಮ್ಮ ಪಟ್ಟಣಗಳಲ್ಲಿ ಇದು ಅಸಾಧ್ಯವೇ? ಮದ್ರಸದ ಹಾಲ್ ಇದೆ, ಸಮುದಾಯದಲ್ಲಿ ವೈದ್ಯರಿದ್ದಾರೆ, ಫಿಸಿಯೋಥೆರಪಿ ಕಲಿತ ಯುವಕ ಯುವತಿಯರಿದ್ದಾರೆ. ತಿಂಗಳಿಗೊಂದು ಸಭೆ, ಅಂಗವೈಕಲ್ಯ ಪ್ರಮಾಣಪತ್ರದ ಅರ್ಜಿ ತುಂಬಲು ನೆರವು, ಔಷಧದ ಖರ್ಚು ಭರಿಸಲಾಗದವರಿಗೆ ಝಕಾತ್ ನಿಧಿಯಿಂದ ಸಹಾಯ, ಮಸೀದಿಯ ವುಝೂ ಸ್ಥಳದಲ್ಲಿ ಹಿಡಿಕೆ ಮತ್ತು ಜಾರದ ನೆಲ. ಇಫ್ತಾರ್ ಕೂಟಗಳಿಗೆ ಸುರಿಯುವ ಹಣದಲ್ಲಿ ಒಂದಂಶವಾದರೂ ಇದಕ್ಕೆ ಸಲ್ಲಬಾರದೇ?

ಒಂದು ಮಾತು ಮರೆಯದಿರೋಣ. ರೋಗಿಗೆ ಉಣಿಸುವ, ಉಡಿಸುವ, ರಾತ್ರಿ ಮಗ್ಗುಲು ಹೊರಳಿಸುವ ಭಾರ ಹೆಚ್ಚಾಗಿ ಬೀಳುವುದು ಪತ್ನಿ ಅಥವಾ ಸೊಸೆಯ ಮೇಲೆ. ಹೆತ್ತವರ ಸೇವೆಯ ಪುಣ್ಯದ ಬಗ್ಗೆ ಭಾಷಣ ಕೇಳುವವರು ಗಂಡುಮಕ್ಕಳು. ಸೇವೆ ಮಾಡುವವರು ಆ ಮನೆಯ ಹೆಣ್ಣುಮಕ್ಕಳು. ಆಕೆಯೂ ದಣಿಯುತ್ತಾಳೆ. ವಾರಕ್ಕೆ ಎರಡು ಗಂಟೆಯಾದರೂ ಮಗ ತಂದೆಯ ಬಳಿ ಕೂರಲಿ, ಆಕೆಗೆ ಬಿಡುವು ಸಿಗಲಿ.

ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಅದಕ್ಕಾಗಿ ಕಾಯಬೇಕಿಲ್ಲ. ಮುಂದಿನ ಜುಮಾದಂದು ಮೊದಲ ಸಾಲನ್ನೊಮ್ಮೆ ನೋಡಿ. ಅಲ್ಲಿ ಯಾರು ಕಾಣೆಯಾಗಿದ್ದಾರೆ? ಅಂದು ಸಂಜೆಯೇ ಅವರ ಮನೆಯ ಬಾಗಿಲು ತಟ್ಟಿ.