ಪೆನುಗೊಂಡೆಯ ಭವ್ಯಜನರೂ ನಾವೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯುವೆನೆಂದು ಒಪ್ಪಿಕೊಂಡಿದ್ದೆ. ಬರೆಯಲು ಕುಳಿತಾಗ ಲೇಖನಿ ಬೇರೆ ದಾರಿ ಹಿಡಿಯಿತು. ಅನ್ಯಮತದವರೊಡನೆ ಬಾಳುವ ಬಗೆಯನ್ನು ಮೂವತ್ತೆರಡು ವರ್ಷಗಳ ಕಾಲ ಮಕ್ಕಳಿಗೆ ಬೋಧಿಸಿದವನು ನಾನು. ಅದನ್ನು ನಾನೇ ಎಷ್ಟು ಕಲಿತಿದ್ದೆನೆಂಬ ಪ್ರಶ್ನೆ ಈ ಇಳಿವಯಸ್ಸಿನಲ್ಲಿ ನನ್ನನ್ನು ಕಾಡುತ್ತಿದೆ. ವಾಚಕರು ಮನ್ನಿಸಬೇಕು.

ನಮ್ಮ ಸೀಮೆಯ ಸೌಹಾರ್ದವನ್ನು ಹೊಗಳುವುದು ಸುಲಭ. ಲೇಪಾಕ್ಷಿಯ ಗುಡಿಯಲ್ಲಿ ವೀರಭದ್ರನ ಮುಂದೆ ಶಿವನೂ ವಿಷ್ಣುವೂ ಎದುರುಬದುರಾಗಿ ನೆಲೆಸಿದ್ದಾರೆ. ಪೆನುಕೊಂಡೆಯ ಬಾಬಯ್ಯನ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಮೊಹರಂ ನಮ್ಮ ಹಳ್ಳಿಗಳ ಬಾಯಲ್ಲಿ ಬಾಬಯ್ಯನ ಹಬ್ಬ. ನಮ್ಮ ಊರಿನ ಹೆಸರೂ ಮತದಿಂದ ಬಂದುದಲ್ಲ. ಗುತ್ತಿಯ ಮರಾಠಾ ಸರದಾರ ಮುರಾರಿರಾಯನ ತಂದೆ ಹಿಂದೂರಾಯನಿಂದ ಬಂದಿತೆಂದು ಹೇಳುತ್ತಾರೆ. ಇದನ್ನೆಲ್ಲ ನಾನೂ ವೇದಿಕೆಗಳ ಮೇಲೆ ಎಷ್ಟೋ ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಸೌಹಾರ್ದವು ಮಳೆಯಂತೆ ತಾನಾಗಿ ಬಂದಿತೆಂಬ ಭಾವನೆ ಇಂಥ ಭಾಷಣಗಳಿಂದ ಹುಟ್ಟುತ್ತದೆ. ಅದು ನಿಜವಲ್ಲ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಒಂದನೆಯ ಬುಕ್ಕರಾಯನ ಕಾಲದ, ಶಕ 1290ರ, ಅಂದರೆ ಕ್ರಿ.ಶ. 1368ರ ಕನ್ನಡ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ವೈಷ್ಣವ ಭಕ್ತರು ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಜೈನರು ಅರಸನಲ್ಲಿ ಬಿನ್ನವಿಸಿಕೊಂಡರು. ಹೀಗೆ ದೂರಿತ್ತ ಭವ್ಯಜನರು ಯಾವ ಯಾವ ಊರಿನವರು? ಆನೆಗೊಂದಿ, ಹೊಸಪಟ್ಟಣ, ಕಲ್ಲೆಹ, ಮತ್ತು ನಮ್ಮ ನೆರೆಯ ಪೆನುಗೊಂಡೆ! ಹಿಂದೂಪುರದಲ್ಲಿ ಗುಂತಕಲ್ಲಿನ ಕಡೆಯ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಇಳಿಯುವ ಊರು. ಎದುರು ಪಕ್ಷದಲ್ಲಿ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡುಗಳ ಶ್ರೀವೈಷ್ಣವರೂ ಇದ್ದರು. ಎಷ್ಟು ಅಸಮವಾದ ಬಲವೆಂಬುದನ್ನು ಗಮನಿಸಬೇಕು.

ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ವಿಧಿಸಿದನು. ಜೈನದರ್ಶನಕ್ಕೆ ಭಕ್ತರಿಂದ ಹಾನಿಯಾದರೆ ಅದನ್ನು ವೈಷ್ಣವರು ತಮ್ಮ ದರ್ಶನಕ್ಕೇ ಆದ ಹಾನಿಯೆಂದು ಬಗೆಯಬೇಕೆಂದನು. ಈ ಶಾಸನವನ್ನು ಬಸದಿಗಳಲ್ಲಿ ನೆಡಿಸುವ ಹೊಣೆಯೂ ಶ್ರೀವೈಷ್ಣವರದೇ ಆಯಿತು. ಮಾಗಡಿಯ ಬಳಿಯ ಕಲ್ಯದಲ್ಲಿ ಇದರ ಇನ್ನೊಂದು ಪ್ರತಿ ಇದೆ. ನೊಂದವರಿಗೆ ತಾಳ್ಮೆಯನ್ನು ಉಪದೇಶಿಸದೆ ಬಲವುಳ್ಳವರ ಮೇಲೆ ಭಾರ ಹೊರಿಸಿದ ಈ ಕ್ರಮವು ನನಗೆ ಬಹಳ ದೊಡ್ಡದಾಗಿ ತೋರುತ್ತದೆ. ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸಲು ತಿರುಮಲೆಯ ತಾತಯ್ಯನವರಿಗೆ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕೆಂದೂ, ಉಳಿದುದು ಜೀರ್ಣ ಜಿನಾಲಯಗಳಿಗೆ ಸಲ್ಲಬೇಕೆಂದೂ ಅಲ್ಲಿಯೇ ಇದೆ. ರಕ್ಷಣೆಯ ವೆಚ್ಚವನ್ನು ನೊಂದವರೇ ತೆತ್ತರಲ್ಲ ಎಂಬ ಸಣ್ಣ ಕೊರಗು ಮಾತ್ರ ನನ್ನಲ್ಲಿ ಉಳಿದಿದೆ.

ಇನ್ನು ನನ್ನ ತಪ್ಪಿನ ವಿಷಯ. ನಾನು ಯೆಹೂದಿಯೊಬ್ಬನನ್ನೂ ಕಂಡವನಲ್ಲ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಅವರ ಪ್ರಾರ್ಥನಾ ಮಂದಿರವಿದೆಯೆಂದೂ, ಅಲ್ಲಿನವರಲ್ಲಿ ಬಹುಪಾಲು ಮಂದಿ 1948ರ ನಂತರ ತಾವಾಗಿ ಇಸ್ರೇಲಿಗೆ ಹೋದರೆಂದೂ ಪುಸ್ತಕಗಳಲ್ಲಿ ಓದಿದ್ದೇನೆ. ಹೀಗಿದ್ದರೂ 1979ರಲ್ಲಿ, ಎಂಟನೆಯ ತರಗತಿಗೆ 'ವೆನಿಸ್ಸಿನ ವ್ಯಾಪಾರಿ'ಯ ಕಥೆ ಹೇಳುತ್ತಾ, ತಂದೆಯ ಗಿರವಿ ಅಂಗಡಿಯಿಂದ ನೇರವಾಗಿ ಶಾಲೆಗೆ ಬರುತ್ತಿದ್ದ ಹುಡುಗನೊಬ್ಬನನ್ನು ತೋರಿಸಿ, "ನಮ್ಮ ಶೈಲಾಕ್ ಇಲ್ಲಿಯೇ ಇದ್ದಾನೆ" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕನು. ಆ ಹೆಸರು ನಿಂತುಹೋಯಿತು. ಯುರೋಪಿನವರು ಶತಮಾನಗಳಿಂದ ಒಂದು ಜನಾಂಗದ ಮೇಲೆ ಹೊರಿಸಿದ್ದ ಅಪವಾದವನ್ನು, ಆ ಜನಾಂಗದವರೇ ಇಲ್ಲದ ಊರಿನಲ್ಲಿ, ಇನ್ನೊಂದು ಜನಾಂಗದ ಬಾಲಕನಿಗೆ ನಾನು ತೊಡಿಸಿದ್ದೆ. ಮುಂದಿನ ವಾರ ಅದೇ ತರಗತಿಯಲ್ಲಿ ಹಿಟ್ಲರನ ಪಾಠವನ್ನು ಆವೇಶದಿಂದ ಮಾಡಿದೆನೆಂದೂ ನೆನಪಿದೆ!

ನಿವೃತ್ತನಾದ ಕೆಲವು ವರ್ಷಗಳ ನಂತರ ಅವನು ಮಗಳ ಮದುವೆಯ ಆಮಂತ್ರಣ ಪತ್ರಿಕೆ ಹಿಡಿದು ಬಂದನು. ಬಾಗಿಲಲ್ಲಿ ಕಂಡೊಡನೆ ಅದೇ ಹೆಸರಿನಿಂದ ಕರೆದು ಬರಮಾಡಿಕೊಂಡೆ. ನಿಜವಾದ ಹೆಸರು ನನಗೆ ನೆನಪಿರಲಿಲ್ಲ. ಕಾಫಿ ಕುಡಿದು ಏಳುವಾಗ ಅವನು ಹೇಳಿದನು: "ಮೇಷ್ಟ್ರೇ, ಹಳೆಯ ಗೆಳೆಯರು ಇಂದಿಗೂ ಹಾಗೆಯೇ ಕರೆಯುತ್ತಾರೆ. ಅದರ ಅರ್ಥವೇನೆಂದು ಮಗಳು ಕೇಳಿದಳು. ನಾನು ಹೇಳಲಿಲ್ಲ." ಅವನ ದನಿಯಲ್ಲಿ ಕೋಪವಿರಲಿಲ್ಲ. ಪತ್ರಿಕೆಯನ್ನು ಬಿಡಿಸಿ ಅವನ ಹೆಸರನ್ನು ಓದಿಕೊಂಡೆ.

ಜರ್ಮನಿಯ ದುರಂತವು ಕೊಲೆಯಿಂದ ಆರಂಭವಾಗಲಿಲ್ಲ. 1933ರ ಏಪ್ರಿಲ್ 1ರಂದು ಯೆಹೂದಿಗಳ ಅಂಗಡಿಗಳಲ್ಲಿ ಕೊಳ್ಳಬೇಡಿರೆಂಬ ಬಹಿಷ್ಕಾರ, 1935ರಲ್ಲಿ ಪೌರತ್ವವನ್ನು ಕಸಿದ ಕಾನೂನು, ಕಡೆಗೆ ಅರುವತ್ತು ಲಕ್ಷ ಜನರ ಹತ್ಯೆ. ನಮ್ಮ ನಾಡು ಜರ್ಮನಿಯಲ್ಲ, ನಿಜ. ಆದರೂ 2022ರ ಮಾರ್ಚಿನಲ್ಲಿ ಕರಾವಳಿಯ ಕಾಪು ಮಾರಿಗುಡಿಯ ಜಾತ್ರೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ದೊರೆಯಲಿಲ್ಲವೆಂದು ಪತ್ರಿಕೆಗಳಲ್ಲಿ ಓದಿದಾಗ, ಬುಕ್ಕರಾಯನ ಶಾಸನವನ್ನು ಮತ್ತೆ ತೆಗೆದು ನೋಡಿದೆ. ದೇವಾಲಯದ ನೆಲದ ನಿಯಮವನ್ನು ಆಗ ಮುಂದೊಡ್ಡಿದರು. ನಿಯಮದಲ್ಲಿ ಏನೇ ಇರಲಿ, ವರ್ಷಗಳಿಂದ ಜಾತ್ರೆಯಲ್ಲಿ ಬಳೆ ಮಾರುತ್ತಿದ್ದವನನ್ನು ಮತದ ಕಾರಣದಿಂದ ಹಿಂದಕ್ಕೆ ಕಳುಹಿಸುವುದು ನನಗೆ ಸರಿಯೆನಿಸಲಿಲ್ಲ.

ನಾವು ಕನ್ನಡಿಗರು ಇಲ್ಲಿ ಅಲ್ಪಸಂಖ್ಯಾತರು. 1953ರಲ್ಲಿ ಆಂಧ್ರ ರಾಜ್ಯವಾದಾಗ ಗಡಿಯ ಈಚೆ ಉಳಿದವರು. ತಾಯ್ನುಡಿಯಲ್ಲಿ ಪಾಠ ಬೇಕೆಂದು ಸಂವಿಧಾನದ 350ಎ ವಿಧಿಯನ್ನು ಹಿಡಿದು ಅರ್ಜಿಗಳನ್ನು ಬರೆದಿದ್ದೇನೆ. ತೆಲುಗು ಬಾಂಧವರು ಈ ಶಾಲೆಗೆ ಚಂದಾ ಕೊಟ್ಟಿದ್ದಾರೆ. ಕಚೇರಿಯಲ್ಲಿ ನಮ್ಮನ್ನು ಕಾಯಿಸಿದವರೂ ಉಂಟು. ಪೆನುಗೊಂಡೆಯ ಆ ಭವ್ಯಜನರು ಬಿನ್ನಹ ಹಿಡಿದು ನಿಂತ ಬಗೆ ನಮಗೆ ಅರ್ಥವಾಗಬೇಕು.

ಆಡಳಿತ ಮಂಡಲಿಗೆ ನನ್ನದೊಂದು ಕೋರಿಕೆ. ಪ್ರತಿ ವರ್ಷ ಹತ್ತನೆಯ ತರಗತಿಯ ಮಕ್ಕಳನ್ನು ಒಂದು ದಿನ ಪೆನುಕೊಂಡೆಗೆ ಕರೆದೊಯ್ದು, ಪಾರ್ಶ್ವನಾಥ ಬಸದಿಯನ್ನೂ ಬಾಬಯ್ಯನ ದರ್ಗಾವನ್ನೂ ತೋರಿಸಿ, ಆ ಶಾಸನವನ್ನು ಅಲ್ಲಿಯೇ ಓದಿಸಬೇಕು. ರೈಲಿನ ಖರ್ಚನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ. ಕಾಲುಗಳು ಒಪ್ಪಿದರೆ ಮೊದಲ ವರ್ಷ ನಾನೂ ಜೊತೆಗೆ ಬರುತ್ತೇನೆ.