ಬೈಕ್ ಬ್ಯಾಟರಿ ಸತ್ತಿದೆಯೋ, ಬರೀ ಚಾರ್ಜ್ ಇಳಿದಿದೆಯೋ? ಹೊಸದು ಕೊಳ್ಳುವ ಮುನ್ನ ಇಷ್ಟು ತಿಳಿಯಿರಿ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಸೆಲ್ಫ್ ಬಟನ್ ಒತ್ತಿದರೆ ಬರೀ ‘ಟಿಕ್ ಟಿಕ್’ ಸದ್ದು. ಹಾರ್ನ್ ದನಿಯೂ ಕುಗ್ಗಿದೆ. ಪಕ್ಕದ ಮನೆಯವರು “ಬ್ಯಾಟರಿ ಹೋಯ್ತು, ಹೊಸದು ಹಾಕ್ಸಿ” ಅನ್ನುತ್ತಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿದರೆ, ಆಸ್ಪಿರಿನ್ ಮಾತ್ರೆ ಹಾಕಿದರೆ ಸತ್ತ ಬ್ಯಾಟರಿಯೂ ಬದುಕುತ್ತದೆ ಎಂಬ ಫಾರ್ವರ್ಡ್ ಬರುತ್ತದೆ. ಬ್ಯಾಟರಿ ನಿಜಕ್ಕೂ ಸತ್ತಿದೆಯೇ, ಇಲ್ಲವೇ ಚಾರ್ಜ್ ಮಾತ್ರ ಇಳಿದಿದೆಯೇ ಎಂದು ಇಬ್ಬರೂ ಕೇಳುವುದಿಲ್ಲ.

ಈ ಪ್ರಶ್ನೆ ಕೇಳದೆ ನಮ್ಮ ತಂಡದ ಒಬ್ಬರ ಮನೆಯಲ್ಲಿ ಒಂದೂವರೆ ವರ್ಷಕ್ಕೆ ಎರಡು ಬ್ಯಾಟರಿ ಬದಲಾಯಿಸಿದರು. ಮೂರನೆಯದಕ್ಕೆ ಹೋದಾಗ ಅಂಗಡಿಯ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ನೋಡಿದರು. ಕೆಟ್ಟಿದ್ದದ್ದು ಬ್ಯಾಟರಿಗೆ ಚಾರ್ಜ್ ಕಳುಹಿಸುವ ರೆಗ್ಯುಲೇಟರ್. ಅದು ಸರಿಯಾಗುವವರೆಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಉಳಿಯುತ್ತಿರಲಿಲ್ಲ.

ಒಳಗೆ ಏನಾಗುತ್ತದೆ?

ಲೆಡ್-ಆಸಿಡ್ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದರು. ನಮ್ಮ ಬೈಕಿನಲ್ಲಿರುವುದೂ ಸಾಮಾನ್ಯವಾಗಿ ಅದೇ ಬಗೆಯದು. ಒಳಗೆ ಆರು ಸೆಲ್‌ಗಳಿರುತ್ತವೆ. ಪ್ರತಿ ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಹಾಗಾಗಿ ‘12 ವೋಲ್ಟ್’ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್ ಅಥವಾ ಸ್ವಲ್ಪ ಹೆಚ್ಚೇ ಇರುತ್ತದೆ.

ಕರೆಂಟ್ ಬಳಸಿದಂತೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಹೋಗುತ್ತದೆ. ಆದರೆ ಚಾರ್ಜ್ ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಈ ಪದರ ಗಟ್ಟಿ ಹರಳುಗಳಾಗುತ್ತದೆ. ಆಮೇಲೆ ಚಾರ್ಜ್ ಹಾಕಿದರೂ ಸುಲಭಕ್ಕೆ ಕರಗುವುದಿಲ್ಲ. ಅಂದರೆ ಚಾರ್ಜ್ ಇಳಿದ ಬ್ಯಾಟರಿಯೇ ನಿರ್ಲಕ್ಷ್ಯದಿಂದ ಸತ್ತ ಬ್ಯಾಟರಿಯಾಗುತ್ತದೆ. ಬೇಗ ಚಾರ್ಜ್ ಮಾಡಿದರೆ ಬಹಳಷ್ಟು ಬ್ಯಾಟರಿಗಳು ಉಳಿಯುತ್ತವೆ.

ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಮೊದಲು ಸುಲಭದ್ದನ್ನು ನೋಡಿ. ಕಿಲ್ ಸ್ವಿಚ್ ಆಫ್ ಆಗಿದೆಯೇ? ಫ್ಯೂಸ್ ಸುಟ್ಟಿದೆಯೇ? ಟರ್ಮಿನಲ್ ಸಡಿಲವಾಗಿ, ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. ಗಾಡಿ ನಿಂತು ಕೆಲವು ಗಂಟೆ ಆದ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚಾರ್ಜ್ ಇದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಪೂರ್ತಿ ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟಾಗ ಮತ್ತೆ ಇಳಿದಿದ್ದರೆ, ಇಲ್ಲವೇ ಸೆಲ್ಫ್ ಒತ್ತಿದ ಕೂಡಲೇ 9–10 ವೋಲ್ಟ್‌ಗಿಂತ ಕೆಳಕ್ಕೆ ಕುಸಿದರೆ, ಬ್ಯಾಟರಿಯ ಆಯಸ್ಸು ಮುಗಿದಿದೆ ಎನ್ನಬಹುದು.

ಕೊನೆಯ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಎಂಜಿನ್ ಓಡುತ್ತಿರುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿದರೆ ಬ್ಯಾಟರಿಯ ಮೇಲೆ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬ್ಯಾಟರಿಗೆ ಊಟವೇ ಸಿಗುತ್ತಿಲ್ಲ. 15 ದಾಟಿದರೆ ಅತಿಯಾಗಿ ಚಾರ್ಜ್ ಆಗಿ ಬೇಯುತ್ತಿದೆ. ಎರಡರಲ್ಲೂ ತಪ್ಪು ಬ್ಯಾಟರಿಯದ್ದಲ್ಲ, ಮೆಕ್ಯಾನಿಕ್ ಬೇಕು.

ಹರಿದಾಡುವ ಸಲಹೆಗಳು ಎಷ್ಟು ನಿಜ?

‘ಆಸ್ಪಿರಿನ್ ಹಾಕಿ’: ಸುಳ್ಳು. ಮಾತ್ರೆ ಆಸಿಡ್‌ನಲ್ಲಿ ಒಡೆದಾಗ ಅಸಿಟಿಕ್ ಆಮ್ಲ ಹುಟ್ಟುತ್ತದೆ. ಅದು ಸೀಸದ ಪ್ಲೇಟನ್ನು ಇನ್ನಷ್ಟು ಬೇಗ ತಿನ್ನುತ್ತದೆ. ಈಗಿನ ಸೀಲ್ಡ್ ಬ್ಯಾಟರಿಗಳಿಗೆ ಏನನ್ನೂ ಹಾಕುವಂತಿಲ್ಲ. ಮುಚ್ಚಳ ಕೀಳಲು ಹೋದರೆ ಸಲ್ಫ್ಯೂರಿಕ್ ಆಮ್ಲ ಕಣ್ಣಿಗೆ ಸಿಡಿಯಬಹುದು. ಮುಚ್ಚಳ ತೆಗೆಯಬಹುದಾದ ಹಳೆಯ ಬಗೆಯದ್ದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರು ಬೇಡ.

‘ತಳ್ಳಿ ಸ್ಟಾರ್ಟ್ ಮಾಡಿ’: ಅರ್ಧ ನಿಜ. ಗೇರ್ ಇರುವ ಹಳೆಯ ಕಾರ್ಬ್ಯುರೇಟರ್ ಬೈಕಿಗೆ ನಡೆಯುತ್ತದೆ. ಗೇರಿಲ್ಲದ ಸ್ಕೂಟರ್‌ಗೆ ನಡೆಯದು. ಎಂಜಿನ್ ತಿರುಗದೆ ಅದರ ಕ್ಲಚ್ ಹಿಡಿಯುವುದಿಲ್ಲ, ಹಾಗಾಗಿ ಚಕ್ರ ತಿರುಗಿದರೂ ಎಂಜಿನ್ ತಿರುಗದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್‌ನವು. ಅವುಗಳ ಪೆಟ್ರೋಲ್ ಪಂಪಿಗೇ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ತಳ್ಳಿದ್ದಕ್ಕೆ ಬೆವರಷ್ಟೇ ಫಲ.

‘ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿಡಿ’: ಒಳ್ಳೆಯ ಉದ್ದೇಶ, ತಪ್ಪು ಉಪಾಯ. ಸೆಲ್ಫ್ ಎಳೆದುಕೊಂಡ ಕರೆಂಟನ್ನು ಎರಡು ನಿಮಿಷದ ಐಡ್ಲಿಂಗ್ ತುಂಬಿಕೊಡುವುದು ಕಷ್ಟ. 2017ರ ಏಪ್ರಿಲ್ ನಂತರದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟೂ ಉರಿಯುತ್ತಲೇ ಇರುತ್ತದೆ. ವಾರಕ್ಕೊಮ್ಮೆ 20–30 ನಿಮಿಷ ಓಡಿಸುವುದು ಮೇಲು. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ನೆಗೆಟಿವ್ ವಯರ್ ಬಿಚ್ಚಿಡಿ.

‘ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಸೋರುತ್ತದೆ’: ಈಗಿನ ಪ್ಲಾಸ್ಟಿಕ್ ಕವಚದ ಬ್ಯಾಟರಿಗೆ ಇದು ಅನ್ವಯಿಸದು. ಎಲ್ಲೇ ಇಟ್ಟರೂ ಚಾರ್ಜ್ ತಾನಾಗಿಯೇ ನಿಧಾನವಾಗಿ ಇಳಿಯುತ್ತದೆ.

ಚಾರ್ಜ್ ಮಾಡಿಸುವಾಗ

ಬೈಕ್ ಬ್ಯಾಟರಿ ಚಿಕ್ಕದು, ಅವಸರ ಬೇಡ. ಸಾಮಾನ್ಯ ಲೆಕ್ಕ ಹತ್ತನೇ ಒಂದು ಭಾಗ: 5 ಎಎಚ್ ಬ್ಯಾಟರಿಗೆ ಸುಮಾರು 0.5 ಆಂಪಿಯರ್. ಕಾರಿನ ಬ್ಯಾಟರಿ ಜೊತೆ ಹೆಚ್ಚು ಕರೆಂಟಿಗೆ ಹಾಕಿದರೆ ಕಾದು ಕೆಡುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರಬಹುದು. ಹತ್ತಿರ ಬೀಡಿ, ಬೆಂಕಿಕಡ್ಡಿ ಸುಳಿಯಬಾರದು.

ಹೊಸದೇ ಬೇಕಾದರೆ

ವೋಲ್ಟ್, ಎಎಚ್, ಅಳತೆ ಮತ್ತು ಪ್ಲಸ್ ಟರ್ಮಿನಲ್ ಯಾವ ಬದಿಗಿದೆ ಎಂಬುದು ಹಳೆಯದಕ್ಕೆ ಅಥವಾ ಓನರ್ಸ್ ಮ್ಯಾನ್ಯುವಲ್‌ಗೆ ಹೊಂದಬೇಕು. ಎಎಚ್ ಸ್ವಲ್ಪ ಹೆಚ್ಚಿದ್ದ ಮಾತ್ರಕ್ಕೆ ಗಾಡಿ ಸುಡುವುದಿಲ್ಲ. ಗಾಡಿ ತನಗೆ ಬೇಕಾದಷ್ಟೇ ಕರೆಂಟ್ ಎಳೆಯುತ್ತದೆ. ಆದರೆ ದೊಡ್ಡದು ಜಾಗದಲ್ಲಿ ಕೂರದಿದ್ದರೆ ಹಾಕಿ ಪ್ರಯೋಜನವಿಲ್ಲ.

ತಯಾರಾದ ತಿಂಗಳನ್ನು ನೋಡಿ. ಕಪಾಟಿನಲ್ಲಿ ವರ್ಷ ಕಳೆದ ‘ಹೊಸ’ ಬ್ಯಾಟರಿಯೊಳಗೂ ಆ ಹರಳು ಕಟ್ಟಿರಬಹುದು. ವಾರಂಟಿ ‘24+24’ ಎಂದಿದ್ದರೆ ಸಾಮಾನ್ಯವಾಗಿ ಮೊದಲ 24 ತಿಂಗಳು ಮಾತ್ರ ಉಚಿತ ಬದಲಾವಣೆ, ಮುಂದಿನದ್ದು ಬರೀ ಬೆಲೆಯಲ್ಲಿ ರಿಯಾಯಿತಿ. ಬಿಲ್ಲು ಮತ್ತು ಅಂಗಡಿಯ ಸೀಲ್ ಹಾಕಿದ ಕಾರ್ಡ್ ಕೇಳಿ ಪಡೆಯಿರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ಹೀಗೆ ಮಾಡಿದರೆ ಸ್ಪ್ಯಾನರ್ ಚಾಸಿಗೆ ತಾಗಿ ಕಿಡಿ ಹಾರುವುದಿಲ್ಲ.

ಹಳೆಯದನ್ನು ಗುಜರಿಗೆ ಹಾಕಬೇಡಿ

ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು. ಇಷ್ಟು ಪ್ರಮಾಣದವರೆಗೆ ತೊಂದರೆಯಿಲ್ಲ ಎಂಬ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಯಲಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆ ಆ ವಿಷ ಮಣ್ಣಿಗೆ, ಗಾಳಿಗೆ ಸೇರಿ ಅಲ್ಲಿನ ಮಕ್ಕಳ ಮೈ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದ್ದು. ಹೊಸದು ಕೊಂಡ ಅಂಗಡಿಗೇ ಹಳೆಯದನ್ನು ಕೊಡಿ, ಬಿಲ್ಲಿನಲ್ಲಿ ಅದರ ಬೆಲೆ ಕಳೆಯಲು ಹೇಳಿ.

ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ “ಬ್ಯಾಟರಿ ಸತ್ತಿದೆ, ಏನು ಮಾಡಲಿ?” ಎಂದು ಕೇಳಿದರೆ, ಮಾತ್ರೆಯ ಫಾರ್ವರ್ಡ್ ಬದಲು “ಎಂಜಿನ್ ಓಡುವಾಗ ಎಷ್ಟು ವೋಲ್ಟ್ ಬರ್ತಿದೆ, ನೋಡಿದ್ರಾ?” ಎಂದು ಕೇಳಿ. ಒಂದು ಬ್ಯಾಟರಿಯ ದುಡ್ಡು ಉಳಿಯಬಹುದು.