ಮಂಡಿಯ ಶಸ್ತ್ರವಿದ್ಯೆ: ಕೈ ಪಳಗಬೇಕಾದುದು ಎಲ್ಲಿ?

ಆಟದಲ್ಲಿ ಮಂಡಿ ತಿರುಚಿದ ತರುಣನಿಗೂ ಸ್ಕೂಟರಿನಿಂದ ಬಿದ್ದ ಗೃಹಸ್ಥನಿಗೂ 'ಒಳಗಿನ ಲಿಗಮೆಂಟ್ ಹರಿದಿದೆ. ಸಣ್ಣ ರಂಧ್ರಗಳ ಮೂಲಕವೇ ಸರಿಪಡಿಸಬಹುದು' ಎಂದು ವೈದ್ಯರು ಹೇಳುವುದುಂಟು. ರಂಧ್ರ ಸಣ್ಣದಾದುದರಿಂದ ಶಸ್ತ್ರಕ್ರಿಯೆಯೂ ಸಣ್ಣದೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ, ಗಾಯ ಕಿರಿದಾದಷ್ಟೂ ವೈದ್ಯನ ಅಭ್ಯಾಸ ಹಿರಿದಾಗಬೇಕು.

ಆರ್ತ್ರೊಸ್ಕೋಪಿಯಲ್ಲಿ ಶಸ್ತ್ರವೈದ್ಯನು ಮಂಡಿಯನ್ನು ನೇರವಾಗಿ ನೋಡುವುದಿಲ್ಲ. ಕಣ್ಣು ಪರದೆಯ ಮೇಲೆ, ಕೈ ರೋಗಿಯ ಕಾಲಿನ ಮೇಲೆ. ಒಂದು ಕೈಯಲ್ಲಿ ಸುಮಾರು 4 ಮಿಲಿಮೀಟರ್ ದಪ್ಪದ ದರ್ಶಕನಳಿಕೆ, ಇನ್ನೊಂದರಲ್ಲಿ ಉಪಕರಣ. ಎರಡೂ ಒಳಗೆ ಒಂದೇ ಬಿಂದುವಿನಲ್ಲಿ ಸಂಧಿಸಬೇಕು. ಮಸೂರವೋ ಸಾಮಾನ್ಯವಾಗಿ 30 ಡಿಗ್ರಿ ಓರೆಯಾಗಿ ನೋಡುತ್ತದೆ. ಪಳಗದ ಕೈ ಮೃದ್ವಸ್ಥಿಯನ್ನು ಗೀರಿದರೆ ಆ ಗೀರು ಸುಲಭವಾಗಿ ಮಾಯುವುದಿಲ್ಲ. ಹರಿದ ಲಿಗಮೆಂಟಿನ ಸ್ಥಾನದಲ್ಲಿ ರೋಗಿಯದೇ ಸ್ನಾಯುರಜ್ಜುವನ್ನು ಕೂಡಿಸುವಾಗ, ತೊಡೆಯೆಲುಬಿನ ಸುರಂಗವನ್ನು ತೀರ ಮುಂದಕ್ಕೆ ಕೊರೆದರೆ ಮಂಡಿ ಮಡಿಸಿದಾಗಲೆಲ್ಲ ಹೊಸ ರಜ್ಜು ಬಿಗಿದು, ಕ್ರಮೇಣ ಸಡಿಲಗೊಳ್ಳಬಹುದು.

ಹಾಗಾದರೆ ಈ ಕೈ ಪಳಗಬೇಕಾದುದು ಎಲ್ಲಿ? ರೋಗಿಯ ಮಂಡಿಯಲ್ಲಿ ಮೊದಲಾಗಿ ಅಲ್ಲವೆಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಇದು ಹೊಸ ಮಾತೇನೂ ಅಲ್ಲ. ಶಿಷ್ಯನು ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನವನ್ನು ಅಭ್ಯಸಿಸಬೇಕೆಂದು ಸುಶ್ರುತಸಂಹಿತೆ ವಿಧಿಸಿದೆ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿಯವರು ಮೂತ್ರಕೋಶದರ್ಶಕವನ್ನು ತೂರಿಸಿ ನೋಡಿದ್ದು ಮೃತದೇಹದ ಮಂಡಿಯೊಳಕ್ಕೆ. ಅವರ ಪರಂಪರೆಯ ಮಸಾಕಿ ವಾಟನಾಬೆಯವರಲ್ಲಿ 1964ರಲ್ಲಿ ಕಲಿತ ಕೆನಡದ ರಾಬರ್ಟ್ ಜಾಕ್ಸನ್ ಈ ವಿದ್ಯೆಯನ್ನು ಪಶ್ಚಿಮಕ್ಕೆ ಒಯ್ದರು. ಮೊದಲು ನಿರ್ಜೀವ ದೇಹ, ಬಳಿಕ ಗುರುಸನ್ನಿಧಿ, ಕೊನೆಗೆ ಸ್ವತಂತ್ರ ಹಸ್ತ: ಇದೇ ಸರಿಯಾದ ಕ್ರಮ.

ಎರಡು ದಿನಗಳ ಶಿಬಿರವೊಂದರ ಪ್ರಮಾಣಪತ್ರ ಈ ಕ್ರಮಕ್ಕೆ ಬದಲಿಯಾಗಲಾರದು. ಪ್ಲಾಸ್ಟಿಕ್ ಮಾದರಿಗಳೂ ಕಂಪ್ಯೂಟರ್ ಯಂತ್ರಗಳೂ ಕೈಕಣ್ಣುಗಳ ಹೊಂದಾಣಿಕೆಯನ್ನು ಕಲಿಸಬಲ್ಲವು. ಆದರೆ ಅಂಗಾಂಶದ ನಿಜವಾದ ಸ್ಪರ್ಶವನ್ನು ದೇಹವೇ ಕಲಿಸಬೇಕು. ಫಾರ್ಮಲಿನ್‌ನಲ್ಲಿಟ್ಟ ದೇಹದ ಕೀಲುಗಳು ಸೆಟೆದಿರುತ್ತವೆ. ಶೀತಲೀಕರಿಸಿ ಕಾಯ್ದಿಟ್ಟ ದೇಹವೇ ಇದಕ್ಕೆ ಹೆಚ್ಚು ಯೋಗ್ಯ. ವೈದ್ಯಕೀಯ ಕಾಲೇಜುಗಳು ಇಂಥ ವ್ಯವಸ್ಥೆಯನ್ನು ಐಷಾರಾಮವೆಂದೆಣಿಸದೆ ಕರ್ತವ್ಯವೆಂದು ತಿಳಿಯಬೇಕು.

ಇಲ್ಲಿ ವಾಚಕರ ಪಾತ್ರವೂ ಇದೆ. 'ಈ ಶಸ್ತ್ರಕ್ರಿಯೆ ನನಗೆ ಅವಶ್ಯವೇ? ಇದನ್ನು ತಾವು ಎಷ್ಟು ಬಾರಿ ಮಾಡಿದ್ದೀರಿ?' ಎಂದು ವಿನಯದಿಂದ ಕೇಳುವುದು ರೋಗಿಯ ಹಕ್ಕು. ಅದರಲ್ಲಿ ವೈದ್ಯರಿಗೆ ಅಗೌರವವೇನೂ ಇಲ್ಲ. ಅದಕ್ಕಿಂತ ಹಿರಿದಾದುದು ದೇಹದಾನ. ಸಮೀಪದ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಇದರ ವಿವರ ದೊರೆಯುತ್ತದೆ. ಪತ್ರಕ್ಕೆ ಸಹಿ ಹಾಕಿದರಷ್ಟೇ ಸಾಲದು, ಮನೆಯವರಿಗೂ ತಿಳಿಸಿರಬೇಕು. ಅವರು ಒಪ್ಪದಿದ್ದರೆ ಸಂಕಲ್ಪ ಕಾಗದದಲ್ಲೇ ಉಳಿದೀತು. ನುರಿತ ವೈದ್ಯನನ್ನು ಬಯಸುವ ಸಮಾಜ ಅವನ ಕಲಿಕೆಗೂ ಎಡೆ ಮಾಡಿಕೊಡಬೇಕಲ್ಲವೆ?